ಎಡ ಚಕ್ರದ ನಟ್

ಅಕ್ಕಾ,

ಕಾರಿನ ಕೀಲಿಕೈ ನಿನ್ನ ಟಿಫಿನ್ ಡಬ್ಬಿಯ ಮೇಲಿದೆ. ಮೂತಿ ತಿರುಗಿಸಿಕೊಂಡು ಅಲ್ಲೇ ಬಿಟ್ಟು ಹೋಗಬೇಡ, ಮೊದಲು ಇದನ್ನು ಓದು.

ಬೆಳಕು ಹರಿಯುತ್ತಲೇ ಎದ್ದು ಮುಂದಿನ ಎರಡೂ ಚಕ್ರಗಳ ಲಿಂಕ್ ರಾಡ್, ಅದೇ ಕಾರು ಪಕ್ಕಕ್ಕೆ ವಾಲದಂತೆ ಹಿಡಿಯುವ ಸಣ್ಣ ಸರಳು, ಬದಲಾಯಿಸಿದೆ. ಬೀದಿ ಕೊನೆಯ ಹಂಪ್ ಮೇಲೆ ನಾಲ್ಕು ಸಲ ಹತ್ತಿಸಿ ಇಳಿಸಿದೆ, ಟಕಟಕ ಸದ್ದು ಪೂರ್ತಿ ನಿಂತಿದೆ. ಬಚ್ಚಲಲ್ಲಿರುವ ಕಪ್ಪು ಟವೆಲ್ ನಿನ್ನದೇ. ನಿನ್ನೆವರೆಗೆ ನೀಲಿ ಇತ್ತು. ಬೈಯಬೇಡ, ಹೊಸದು ತರುತ್ತೇನೆ.

ಆ ಸದ್ದು ನಿನ್ನಿಂದ ಬಂದದ್ದಲ್ಲ. ನಾಲ್ಕು ತಿಂಗಳ ಹಿಂದೆ ಎಡಗಡೆ ರಾಡ್ ಹಾಕಿದವನು ನಾನೇ ತಾನೇ? ಕಾರು ಜಾಕ್ ಮೇಲಿದ್ದಾಗ ನಟ್ಟನ್ನು ಕೈಯಲ್ಲೇ ತಿರುಗಿಸಿದ್ದೆ, ಚಕ್ರ ನೆಲಕ್ಕೆ ಬಂದ ಮೇಲೆ ಸ್ಪ್ಯಾನರ್ ಹಾಕಿ ಬಿಗಿ ಮಾಡೋಣ ಅಂತ. ಅಷ್ಟರಲ್ಲಿ ಅಮ್ಮ ಊಟಕ್ಕೆ ಕರೆದಳು. ಕೈ ತೊಳೆದೆ, ಮರೆತೆ. ಇವತ್ತು ನೋಡಿದರೆ ಅದು ಬೆರಳಿಗೇ ಬಿಚ್ಚಿಕೊಂಡು ಬಂತು.

ನನ್ನ ತಪ್ಪಿಗೆ ನಿನ್ನ ಮೇಲೆ ಗೂಬೆ ಕೂರಿಸಿದೆ. ಸದ್ದು ಶುರುವಾದ ದಿನ ಎಲ್ಲರ ಮುಂದೆ, "ಅಕ್ಕ ಕಾರು ಓಡ್ಸಲ್ಲ, ಕುಣಿಸ್ತಾಳೆ" ಅಂದೆ. ಎಲ್ಲರೂ ನಕ್ಕರು. ನೀನು ಕೀಲಿಕೈಯನ್ನು ಮೊಳೆಗೆ ತಗುಲಿಸಿದೆ. ಅವತ್ತಿನಿಂದ ಬಸ್ಸಲ್ಲೇ ಓಡಾಡುತ್ತಿದ್ದೀಯ.

ರಾತ್ರಿ ಊಟಕ್ಕೆ ಕೂತಾಗ ಆ ನಟ್ಟನ್ನು ತಟ್ಟೆಯ ಪಕ್ಕ ಇಟ್ಟು, ತಪ್ಪು ನನ್ನದು ಅಂತ ಎಲ್ಲರಿಗೂ ನಾನೇ ಹೇಳುತ್ತೇನೆ. ಪಾಪ ಅಂತ ನಡುವೆ ಬಾಯಿ ಹಾಕಬೇಡ.

ಈ ಸಲ ಚಕ್ರ ನೆಲಕ್ಕಿಳಿಸಿ, ಪ್ರತಿ ನಟ್ಟನ್ನೂ ಎರಡೆರಡು ಸಲ ಬಿಗಿ ಮಾಡಿದ್ದೇನೆ. ಧೈರ್ಯವಾಗಿ ಓಡಿಸು.

ನಿನ್ನ ಏಳೂವರೆ ಬಸ್ಸಿಗೆ ನಾನು ಹೊರಟೆ. ಸೀಟು ಸಿಕ್ಕರೂ ನಿಂತೇ ಹೋಗುತ್ತೇನೆ.