ಸರೋವರದ ಪಕ್ಕದ ಜಾಗ

ಮನೆಯಿಂದ,
ಮಾರ್ಚ್ ೧೪, ಶನಿವಾರ ಮಧ್ಯಾಹ್ನ

ಪ್ರೀತಿಯ ಅಣ್ಣನಿಗೆ,

ಪ್ರೀತಿಯ ಎಂದು ರೂಢಿಗೆ ಬರೆದಿದ್ದೇನೆ, ಹೆಚ್ಚು ಅರ್ಥ ಕಲ್ಪಿಸಬೇಡ. ನೀನು, ಅತ್ತಿಗೆ, ಮಕ್ಕಳು ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಸೊಂಟನೋವು ಹೇಗಿದೆ? ವಿಚಿತ್ರವಾದ ನೋವು ಅದು. ಗಾಲ್ಫ್ ಚೆಂಡು ಹೊಡೆಯುವಾಗ ಸೊಂಟ ಬುಗುರಿಯಂತೆ ತಿರುಗುತ್ತದೆ, ಅಪ್ಪನ ಪೆಟ್ಟಿಗೆ ಎತ್ತು ಎಂದರೆ ಮಾತ್ರ ಹಿಡಿದುಕೊಳ್ಳುತ್ತದೆ. ಇಲ್ಲಿ ಅಪ್ಪ ಚೆನ್ನಾಗಿದ್ದಾರೆ. ಉಳುಕಿದ ಕಾಲು ಮೆಟ್ಟಿಲು ಇಳಿಯುವಾಗ ಸ್ವಲ್ಪ ಎಳೆಯುತ್ತದೆ, ಅಷ್ಟೇ. ನನ್ನ ಹೊಲಿಗೆ ಅಂಗಡಿಯೂ ನಡೆಯುತ್ತಿದೆ. ಜಿಪ್ ಕಿತ್ತುಹೋಗಿದೆ ಎಂದು ನೀನು ಕಳಿಸಿದ ಟೆಂಟು ಮೂಲೆಯಲ್ಲಿ ಬಿದ್ದಿದೆ. ಮೊದಲು ಅದನ್ನು ಹೊಲಿದುಕೊಟ್ಟು ಆಮೇಲೆ ಬೈಯೋಣ ಎಂದುಕೊಂಡಿದ್ದೆ. ಈಗ ಮನಸ್ಸು ಬದಲಾಗಿದೆ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ಮೀಟಿಂಗ್ ಇದೆ ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಕಾಗದ. ಪೂರ್ತಿ ಓದು.

ಮುಂದಿನ ತಿಂಗಳ ಪ್ರವಾಸದ ನಿನ್ನ ಯೋಜನೆ ಫೋನಿಗೆ ಬಂತು. ಚಿತ್ರಗಳು ಬಹಳ ಚೆನ್ನಾಗಿವೆ. ಬೆಟ್ಟದ ಬುಡದಲ್ಲಿ ಇಸ್ತ್ರಿ ಮಾಡಿ ಹಾಸಿದಂಥ ಗಾಲ್ಫ್ ಮೈದಾನ, ಅದಕ್ಕೆ ಅಂಟಿಕೊಂಡಂತೆ ರಾಷ್ಟ್ರೀಯ ಉದ್ಯಾನ, ಒಳಗೆ ಸರೋವರ, ದಂಡೆಯ ಮೇಲೆ ಟೆಂಟು ಹಾಕುವ ಜಾಗ. ಬೆಳಿಗ್ಗೆ ನಿನ್ನ ದೊಡ್ಡ ಸಾಹೇಬರೊಂದಿಗೆ ಆಟ, ಸಂಜೆ ಅವರ ಸಂಸಾರಕ್ಕೆಲ್ಲ ನೀರಿನಂಚಿನಲ್ಲಿ ಬೆಂಕಿ ಹಾಕಿ ಚಳಿ ಕಾಯಿಸುವ ಏರ್ಪಾಡು. ಕೊನೆಗೆ ಒಂದು ಸಾಲು, ‘ಅಪ್ಪ ಕಡ್ಡಾಯವಾಗಿ ಬರಬೇಕು.’ ಅದನ್ನು ನೋಡಿ ಒಂದು ಗಳಿಗೆ ನನ್ನ ಕಣ್ಣೂ ತುಂಬಿತು ಅಣ್ಣಾ. ಹೋದ ಸಲದ್ದಕ್ಕೆ ಪ್ರಾಯಶ್ಚಿತ್ತ ಮಾಡಿಕೊಳ್ಳಲು ಹೊರಟಿದ್ದೀಯ ಎಂದುಕೊಂಡೆ. ಅಪ್ಪನಂತೂ ಆ ಚಿತ್ರವನ್ನು ಎರಡು ಬೆರಳಿನಲ್ಲಿ ದೊಡ್ಡದು ಮಾಡಿ ಮಾಡಿ ನೋಡಿದರು. ‘ನನ್ನನ್ನೂ ಕರೆದಿದ್ದಾನಾ?’ ಎಂದು ಕೇಳಿ, ಮಂಚದ ಕೆಳಗಿನಿಂದ ಕ್ಯಾನ್ವಾಸ್ ಬೂಟು ತೆಗೆದು ಧೂಳು ಒರೆಸಿದರು.

ಆಮೇಲೆ ನಾನು ಉದ್ಯಾನದ ಕಚೇರಿಗೆ ಫೋನ್ ಮಾಡಿದೆ. ಅಪ್ಪನ ಕಾಲಿಗೆ ಅಲ್ಲಿನ ದಂಡೆಯ ಇಳಿಜಾರು ಆಗುತ್ತದೋ ಇಲ್ಲವೋ ಎಂದು ಕೇಳುವುದಷ್ಟೇ ನನ್ನ ಉದ್ದೇಶವಾಗಿತ್ತು. ಫೋನೆತ್ತಿದ ಹೆಂಗಸು ಒಳ್ಳೆಯವಳು, ಬಿಡಿಸಿ ಹೇಳಿದಳು. ಸರೋವರದ ಪಕ್ಕದ ಜಾಗಗಳನ್ನು ಎಪ್ಪತ್ತು ದಾಟಿದವರು ಜೊತೆಗಿದ್ದರೆ ಮಾತ್ರ ಕೊಡುತ್ತಾರಂತೆ. ಆ ಹಿರಿಯರು ಖುದ್ದಾಗಿ ಬಾಗಿಲಲ್ಲಿ ಮುಖ ತೋರಿಸಬೇಕಂತೆ. ಉಳಿದವರಿಗೆ ಹಿಂದೆ, ವಾಹನ ನಿಲ್ಲಿಸುವ ಕಡೆ. ನಿನ್ನ ಜಾಗ ಅಪ್ಪನ ಹೆಸರಿನಲ್ಲಿದೆ ಎಂದಳು. ಫೋನ್ ಇಟ್ಟ ಮೇಲೆ ನಿನ್ನ ಲೆಕ್ಕ ಹೊಳೆಯಿತು. ನಿನಗೆ ಬೇಕಾಗಿರುವುದು ಅಪ್ಪ ಅಲ್ಲ, ಅಪ್ಪನ ವಯಸ್ಸು. ಸಾಹೇಬರ ಹೆಂಡತಿ ಬೆಳಿಗ್ಗೆ ಎದ್ದ ಕೂಡಲೇ ನೀರು ಕಾಣಬೇಕು, ಅದಕ್ಕೆ ನಮ್ಮಪ್ಪನ ನರೆಗೂದಲು ರಹದಾರಿ. ಬಾಗಿಲು ದಾಟಿದ ಮೇಲೆ ಅವರನ್ನು ಎಲ್ಲಿ ಕೂರಿಸಬೇಕೆಂದಿದ್ದೆ? ಸಾಮಾನಿನ ಟೆಂಟಿನಲ್ಲೇ ಇರಬೇಕು. ಹೋದ ಸಲ ಅಲ್ಲೇ ತಾನೇ ಮಲಗಿಸಿದ್ದು.

ಹೋದ ಸಲದ ಮಾತು ಬಂದದ್ದಕ್ಕೆ ಅದನ್ನೂ ಬರೆದುಬಿಡುತ್ತೇನೆ. ಆಗಲೂ ಸಾಹೇಬರೊಂದಿಗೆ ಇಂಥದೇ ಆಟ, ಪಕ್ಕದಲ್ಲಿ ಇಂಥದೇ ಟೆಂಟು. ನೀನು ನೆಂಟರ ಮನೆ ಮನೆಗೂ ಒಂದು ಕಥೆ ಹೇಳಿಕೊಂಡು ಬಂದಿದ್ದೀಯ. ಅಪ್ಪನಿಗೆ ಅರಳುಮರಳು, ಟೆಂಟಿನಲ್ಲಿ ಕೂತಿರಿ ಎಂದರೆ ಕೂರದೆ ಎತ್ತಲೋ ಎದ್ದುಹೋದರು, ತಂಗಿ ಮಾತ್ರೆ ಸರಿಯಾಗಿ ಕೊಡುತ್ತಿರಲಿಲ್ಲ, ಎಂದು. ಚಿಕ್ಕಮ್ಮ ನನ್ನ ಮುಖಕ್ಕೇ ಕೇಳಿದರು, ‘ಏನಮ್ಮಾ, ನಿನ್ನ ಕೈಲಿ ಆಗದಿದ್ರೆ ಹೇಳಬಾರದಿತ್ತಾ?’ ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನೋಡಿಕೊಳ್ಳಲಾರದ ನೀನು ಅಪ್ಪನ ತಲೆಯೇ ಡೊಂಕು ಎಂದೆ. ಅಂದು ಸಂಜೆ ಗಾಳಿ ಎದ್ದಾಗ ಅತ್ತಿಗೆ ಮಕ್ಕಳನ್ನು ಒಳಗೆ ಸೇರಿಸುತ್ತಿದ್ದರು. ನೀನು ತೆಳು ಅಂಗಿಯಲ್ಲಿ ಮೈದಾನಕ್ಕೆ ಹೋಗಿದ್ದೀಯ ಎಂದು ಅಪ್ಪ ನಿನ್ನ ಜಾಕೆಟ್ ತೆಗೆದುಕೊಂಡು ಹೊರಟರು. ಅತ್ತಿಗೆಯೇ ನನಗೆ ಹೇಳಿದ ಮಾತಿದು. ಕತ್ತಲಾದರೂ ಅವರು ಬರಲಿಲ್ಲ ಎಂದು ಅತ್ತಿಗೆ ಫೋನ್ ಮಾಡಿದರು. ನಾನು ಬಸ್ಸು ಹಿಡಿದು ಅಲ್ಲಿಗೆ ಬರುವ ಹೊತ್ತಿಗೆ ಬೆಳಕು ಹರಿದಿತ್ತು. ಅರಣ್ಯದ ಕಾವಲುಗಾರ್ತಿಯೊಬ್ಬಳು ಅವರನ್ನು ಆಗತಾನೇ ಗುಡ್ಡದ ಆಚೆಯ ಹಳ್ಳದಲ್ಲಿ ಕಂಡು ಹೊತ್ತುಕೊಂಡು ಬಂದಿದ್ದಳು. ಕಾಲು ಊದಿ ಕುಂಬಳಕಾಯಿಯಾಗಿತ್ತು, ಹಲ್ಲು ಕಟಕಟ ಎನ್ನುತ್ತಿದ್ದವು. ಆದರೆ ಜಾಕೆಟ್ ಹಾಕಿಕೊಂಡಿರಲಿಲ್ಲ, ಮಡಚಿ ಕಂಕುಳಲ್ಲಿ ಇಟ್ಟುಕೊಂಡಿದ್ದರು. ನೀನು ಅದನ್ನೇ ಹಿಡಿದುಕೊಂಡೆ. ‘ಚಳೀಲಿ ಸಾಯ್ತಾ ಕೈಲಿರೋ ಜಾಕೆಟ್ ಹಾಕ್ಕೊಳ್ಳದೆ ಇರೋರು ತಲೆ ಸರಿ ಇರೋರಾ?’ ಎಂದು ವೈದ್ಯರ ಎದುರಿಗೇ ಕೇಳಿದೆ. ಅಪ್ಪ ಗೋಡೆ ನೋಡುತ್ತಾ ಕುಳಿತಿದ್ದರು.

ಇಡೀ ಜನ್ಮ ಬಸ್ಸು ಓಡಿಸಿದ ಮನುಷ್ಯ. ಮಂಜಿನಲ್ಲಿ ಘಾಟಿ ಇಳಿಸಿದವರು, ಟೆಂಟಿನಿಂದ ಮೈದಾನಕ್ಕೆ ಹೋಗುವ ಒಂದೇ ಒಂದು ನೇರ ದಾರಿಯಲ್ಲಿ ದಾರಿ ತಪ್ಪಿದರು ಎಂದರೆ ನಾನು ನಂಬಲಿಲ್ಲ. ಎಷ್ಟು ಸಲ ಕೇಳಿದರೂ ‘ಏನೋ, ಆ ಕಡೆ ಹೋಗಿಬಿಟ್ಟೆ’ ಎನ್ನುತ್ತಿದ್ದರು. ಇಲ್ಲಿ ಅವರು ತರಕಾರಿ ಒಬ್ಬರೇ ತರುತ್ತಾರೆ, ಅಂಗಡಿಯ ಗಿರಾಕಿಗಳ ಹೆಸರು ನನಗಿಂತ ಚೆನ್ನಾಗಿ ನೆನಪಿಟ್ಟಿದ್ದಾರೆ. ಹುಚ್ಚು ಹಿಡಿದಿದ್ದರೆ ಅದು ಈ ಮನೆಯವರಿಗಲ್ಲ, ಆ ಹುಲ್ಲಿನ ಮೇಲೆ ಕೋಲು ಹಿಡಿದು ಸಾಹೇಬರ ಚೆಂಡಿನ ಹಿಂದೆ ಓಡುವವರಿಗೆ.

ಆದ್ದರಿಂದ ಕೇಳು. ಅಪ್ಪ ಬರುವುದಿಲ್ಲ. ನೀನು ಕಾರು ಕಳಿಸಿದರೆ ಅದು ಖಾಲಿ ವಾಪಸು ಬರುತ್ತದೆ. ಸಾಹೇಬರಿಗೆ ಏನು ಹೇಳುವುದು ಎಂಬುದು ನಿನ್ನ ತಲೆನೋವು. ವಾಹನ ನಿಲ್ಲಿಸುವ ಕಡೆಯೂ ಗಾಳಿ ಬೀಸುತ್ತದೆ, ಅಲ್ಲೇ ಮಲಗಲಿ. ಟೆಂಟನ್ನು ಜಿಪ್ ಇಲ್ಲದೆಯೇ ಕಳಿಸುತ್ತಿದ್ದೇನೆ. ಇನ್ನು ನೆಂಟರ ಮನೆಗಳಿಗೆ ಮತ್ತೊಂದು ಸುತ್ತು ಹೋಗು, ‘ನಾನು ಹೇಳಿದ್ದು ಸುಳ್ಳು’ ಎಂದು ಹೇಳಿ ಬಾ. ನೀನು ಹೋಗದಿದ್ದರೆ ನಾನು ಹೋಗುತ್ತೇನೆ. ನನಗೆ ನಿನ್ನಷ್ಟು ನಯವಾಗಿ ಮಾತಾಡಲು ಬರುವುದಿಲ್ಲ ಎಂಬುದು ನಿನಗೆ ಗೊತ್ತು.

ಅತ್ತಿಗೆಗೆ ನನ್ನ ನೆನಪು ತಿಳಿಸು, ಅವರ ಮೇಲೆ ನನಗೆ ಸಿಟ್ಟಿಲ್ಲ. ಮಕ್ಕಳಿಗೆ ಅತ್ತೆಯ ಮುತ್ತು. ನಿನಗೆ ದೇವರು ಒಳ್ಳೆಯದು ಮಾಡಲಿ, ನಿಧಾನವಾಗಿ ಮಾಡಲಿ.

ನಿನ್ನ ತಂಗಿ

ವಿ.ಸೂ.: ಕಾಗದ ಮಡಚುವ ಮೊದಲು ಅಪ್ಪನಿಗೆ ಓದಿ ಹೇಳಿದೆ. ಜಾಕೆಟ್ಟಿನ ಸಾಲು ಬಂದಾಗ ‘ನಿಲ್ಲಿಸು’ ಎಂದರು. ಆಮೇಲೆ ಹೇಳಿದರು. ಅವರು ಅಂದು ಮೈದಾನದ ಬಾಗಿಲಿನವರೆಗೂ ಬಂದಿದ್ದರಂತೆ ಅಣ್ಣಾ. ಕಾವಲಿನವನು ಒಳಗೆ ಬಿಡಲಿಲ್ಲ, ಆದರೆ ನಿನ್ನ ಹತ್ತಿರ ಬಂದು, ನಿಮ್ಮ ಕಡೆಯವರಾ ಎಂದು ಕೇಳಿದ. ನೀನು ಅಪ್ಪನತ್ತ ತಿರುಗಿ ನೋಡಿದೆ. ಯಾರದು ಎಂದು ಸಾಹೇಬರು ಕೇಳಿದ್ದಕ್ಕೆ ‘ಗೊತ್ತಿಲ್ಲ ಸಾರ್, ಟೆಂಟಿನ ಕಡೆ ಕೆಲಸದೋರು ಯಾರೋ ಇರಬೇಕು’ ಎಂದೆ. ಗಾಳಿ ಅವರ ಕಡೆಗೇ ಬೀಸುತ್ತಿತ್ತಂತೆ, ಎಲ್ಲ ಕೇಳಿಸಿತು. ‘ಬಂದ ದಾರೀಲೇ ವಾಪಸ್ ಹೋದ್ರೆ ಅವರೆಲ್ಲ ಆಟ ಮುಗಿಸ್ಕೊಂಡು ಹಿಂದೇನೇ ಬರ್ತಿದ್ರು. ನನ್ನ ನೋಡಿದ್ರೆ ಅವನಿಗೆ ಮುಜುಗರ. ಅದಕ್ಕೇ ಗುಡ್ಡದ ಆ ಕಡೆಯಿಂದ ಸುತ್ತಿಕೊಂಡು ಹೋಗೋಣ ಅಂದ್ಕೊಂಡೆ’ ಎಂದರು. ಜಾಕೆಟ್ ಯಾಕೆ ಹಾಕಿಕೊಳ್ಳಲಿಲ್ಲ ಎಂದೆ. ‘ಅದು ಅವನದು’ ಎಂದರು.

ಇಷ್ಟಾದರೂ ಹೊರಟು ಕುಳಿತಿದ್ದಾರೆ. ‘ಮತ್ತೆ ಕರೆದಿದ್ದಾನಲ್ಲ, ಈ ಸಲ ಹೇಳ್ತಾನೇನೋ ನಮ್ಮಪ್ಪ ಅಂತ’ ಎನ್ನುತ್ತಿದ್ದಾರೆ. ಆ ಮಾತು ಕೇಳಿದ ಮೇಲಂತೂ ನಾನು ಅವರನ್ನು ಕಳಿಸುವುದಿಲ್ಲ. ಇದನ್ನು ಮಾತ್ರ ನಿನಗೆ ಬರೆಯಬೇಡ ಎಂದು ನನ್ನ ಕೈ ಹಿಡಿದುಕೊಂಡು ಕೇಳಿದರು. ಈಗ ಸ್ನಾನಕ್ಕೆ ಹೋಗಿದ್ದಾರೆ. ಅವರು ಹೊರಗೆ ಬರುವುದರೊಳಗೆ ಅಂಚೆ ಡಬ್ಬಕ್ಕೆ ಹಾಕಿ ಬರುತ್ತೇನೆ.