ಮನೆಯ ಗಂಡಸು

ಆಸ್ಪತ್ರೆಯ ಲಾಂಡ್ರಿ ಕೋಣೆ,
ಮಂಗಳವಾರ, ಹದಿನಾಲ್ಕನೇ ತಾರೀಖು

ಮಕ್ಕಳ ಅಪ್ಪನಿಗೆ,

ಆರೋಗ್ಯವಾಗಿದ್ದೀರಿ ಅಂದುಕೊಂಡಿದ್ದೇನೆ. ಸೊಂಟದ ನೋವು ಹೇಗಿದೆ? ಈಗ ಎಣ್ಣೆ ಹಚ್ಚುವವರು ಬೇರೆ ಇದ್ದಾರೆ, ನಾನು ಕೇಳಬಾರದು. ಬಾಯಿ ಅಭ್ಯಾಸ, ಕೇಳಿಬಿಟ್ಟೆ. ನಿಮ್ಮ ಅಮ್ಮನಿಗೆ ಕಣ್ಣು ಮಂಜು, ಕಿವಿ ಮಂದ, ನಾಲಿಗೆ ಮಾತ್ರ ಹರಿತವಾಗಿಯೇ ಇದೆ. ಮಗಳಿಗೆ ಮುಂದಿನ ಹಲ್ಲು ಬಿದ್ದಿದೆ.

ಇನ್ನು ಮಗನ ವಿಷಯ. ನಿಮ್ಮ ತಮ್ಮ ಫೋನಿನಲ್ಲಿ ಅರ್ಧಂಬರ್ಧ ಹೇಳಿರಬೇಕು, ಪೂರ್ತಿ ನಾನು ಹೇಳುತ್ತೇನೆ. ಗ್ಯಾರೇಜಿನ ಮುಂದೆ ನಮ್ಮ ಬೀದಿಯ ಡ್ರೈವರಣ್ಣನ ಮಗನ ಜೊತೆ ಮಾತಿಗೆ ಮಾತು ಬೆಳೆದು, ಇವನು ಕೈಗೆ ಸಿಕ್ಕ ಸ್ಪ್ಯಾನರಿನಿಂದ ತಲೆಗೆ ಹೊಡೆದ. ಒಂದು ಏಟಲ್ಲ. ಇನ್ನೊಂದನ್ನು ಆ ಹುಡುಗ ನೆಲಕ್ಕೆ ಬಿದ್ದ ಮೇಲೆ ಹೊಡೆದನಂತೆ. ಆ ಮಗು ನಮ್ಮ ಆಸ್ಪತ್ರೆಯಲ್ಲೇ ಕಣ್ಣು ಮುಚ್ಚಿತು. ಆ ವಾರ್ಡಿನ ಬಟ್ಟೆಯ ಗಂಟು ನನ್ನ ಮೆಷಿನ್ನಿಗೇ ಬಂತು. ಒಗೆದೆ. ಕೆಲಸ ತಾನೇ.

ಇವನಿಗೆ ಈಗ ಹದಿನೇಳು ನಡೆಯುತ್ತಿದೆ. ಇಷ್ಟು ದೊಡ್ಡ ಅಪರಾಧ ಮಾಡಿದವನನ್ನು ಮಗು ಅನ್ನಬೇಕೋ ದೊಡ್ಡವನು ಅನ್ನಬೇಕೋ ಎಂದು ಮೊದಲು ತೀರ್ಮಾನವಾಗಬೇಕಂತೆ. ಮಗು ಅಂದರೆ ಕೆಲವು ವರ್ಷ ಮಕ್ಕಳ ಗೃಹ. ದೊಡ್ಡವನು ಅಂದರೆ ದೊಡ್ಡವರ ಕೋರ್ಟು, ದೊಡ್ಡವರ ಜೈಲು. ಅದಕ್ಕಾಗಿ ವಿಚಾರಿಸಲು ಒಬ್ಬ ಮೇಡಂ ಮನೆಗೆ ಬಂದರು. ನಾನು ಕೆಲಸದಲ್ಲಿದ್ದೆ. ಅತ್ತೆ ಅವರನ್ನು ಕೂರಿಸಿ ಮೊಮ್ಮಗನ ಗುಣಗಾನ ಮಾಡಿದ್ದಾರೆ. "ಅವನು ಮಗು ಅಲ್ಲಮ್ಮ, ಈ ಮನೆ ಗಂಡಸು. ಅವರಪ್ಪ ದೂರ ಹೋದಾಗಿಂದ ಎಲ್ಲಾ ಅವನೇ. ತಂಗಿಗೆ ಜಡೆ ಹಾಕೋನೂ ಅವನೇ, ನನ್ನ ಮಾತ್ರೆ ತರೋನೂ ಅವನೇ. ಸರಿ ತಪ್ಪು ನಮಗಿಂತ ಚೆನ್ನಾಗಿ ಗೊತ್ತು ಅವನಿಗೆ." ಪಾಪ, ಹೊಗಳಿದರೆ ಬಿಟ್ಟುಬಿಡುತ್ತಾರೆ ಅಂದುಕೊಂಡರು.

ನಿನ್ನೆ ಬಾಲ ನ್ಯಾಯ ಮಂಡಳಿಯಲ್ಲಿ, ಆ ಮೇಡಂ ಬರೆದುಕೊಂಡಿದ್ದ ಹೊಗಳಿಕೆಯನ್ನೇ ಓದಿದರು. ಜವಾಬ್ದಾರಿ ಹೊತ್ತವನು, ತಿಳಿವಳಿಕೆ ಉಳ್ಳವನು, ಆದ್ದರಿಂದ ದೊಡ್ಡವರ ಕೋರ್ಟಿಗೆ. ಮನೆ ಕಡೆ ತಲೆ ಹಾಕದೆ ಬೀದಿ ಸುತ್ತಿಕೊಂಡಿದ್ದರೆ ಮಗುವಾಗಿಯೇ ಉಳಿಯುತ್ತಿದ್ದನೇನೋ. ಭಾರವನ್ನು ಅವನ ಹೆಗಲಿಗೆ ದಾಟಿಸಿ ಹೋದವರನ್ನು ಮಾತ್ರ ಯಾವ ಕೋರ್ಟೂ ಕರೆಯಲಿಲ್ಲ. "ಏನಂದ್ರು ಕಣೇ? ಒಳ್ಳೆಯವನು ಅಂದ್ರಲ್ವಾ?" ಎಂದು ಅತ್ತೆ ನನ್ನ ತೋಳು ಜಗ್ಗಿದರು. ಹೌದು ಅಂದೆ.

ಹೊರಗೆ ವರಾಂಡದಲ್ಲಿ ಡ್ರೈವರಣ್ಣನ ಹೆಂಡತಿ ಎದುರಾದಳು. ಕೈ ಹಿಡಿಯಲು ಹೋದೆ, ಹಿಂದೆ ಸರಿದಳು. "ನನ್ನ ಮಗನಿಗೂ ಹದಿನೇಳೇ ಕಣಕ್ಕ. ಅವನ ವಯಸ್ಸು ಯಾರೂ ಕೇಳ್ಲಿಲ್ಲ," ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಅಕ್ಕ ಅಂದಳಲ್ಲ. ಅವಳ ಜಾಗದಲ್ಲಿದ್ದರೆ ದೊಡ್ಡವನು, ದೊಡ್ಡವನು ಅಂತ ನಾನೂ ಕೂಗುತ್ತಿದ್ದೆ. ನನ್ನ ಜಾಗದಿಂದ ನೋಡಿದರೆ, ಪೊಲೀಸ್ ವ್ಯಾನು ಹತ್ತುವಾಗ ನಮ್ಮವನು ಅಂಗಿಯ ತೋಳಿಗೆ ಮೂಗು ಒರೆಸಿಕೊಂಡದ್ದು ಕಾಣುತ್ತದೆ.

ಅತ್ತೆ ನಿಮಗೆ ಆಶೀರ್ವಾದ ತಿಳಿಸಲು ಹೇಳಿದ್ದಾರೆ. ಮಗಳು ಏನೂ ಹೇಳಿಲ್ಲ. ಅವಳಿಗೆ ನಿಮ್ಮ ಮುಖ ಮರೆತಿದೆ. ನನ್ನ ನಮಸ್ಕಾರವನ್ನೂ ಇಟ್ಟುಕೊಳ್ಳಿ, ಬೇಕಿದ್ದರೆ.

ಇಂತಿ,
ಮಕ್ಕಳ ಅಮ್ಮ

ತಾ.ಕ.: ಬಿಡುವು ಮುಗಿಯಿತು, ಮೇಸ್ತ್ರಿ ಕೂಗುತ್ತಿದ್ದಾಳೆ. ಜಗಳ ಯಾಕಾಯಿತೆಂದು ಅವನು ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ. ನಿನ್ನೆ ನನ್ನ ಕಿವಿಯಲ್ಲಿ ಹೇಳಿದ. "ನಿಮ್ಮಪ್ಪ ಬೇರೆ ಸಂಸಾರ ಮಾಡ್ಕೊಂಡಿದ್ದಾನೆ, ಇನ್ನು ಬರಲ್ಲ" ಅಂದನಂತೆ ಆ ಹುಡುಗ. ನೀವು ಬಂದೇ ಬರುತ್ತೀರಿ ಎಂದು ನಮ್ಮ ಮನೆಯಲ್ಲಿ ಇನ್ನೂ ನಂಬಿದ್ದವನು ಅವನೊಬ್ಬನೇ. ಅಷ್ಟು ಮಗು ಅವನು. ಮೇಲಿನ ಕೋರ್ಟಿನಲ್ಲಿ ಇದನ್ನು ನೀವೇ ನಿಂತು ಹೇಳಿದರೆ ತೂಕ ಬರುತ್ತದೆ ಎನ್ನುತ್ತಾರೆ ವಕೀಲರು. ಬರುತ್ತೀರಾ? ನಿಮಗೆ ಬರೆದಿದ್ದೇನೆಂದು ಅವನಿಗೆ ಹೇಳಿಲ್ಲ. ಹೇಳಿದರೆ ಮತ್ತೆ ನಂಬಿಬಿಡುತ್ತಾನೆ.