ನನ್ನ ಮಕ್ಕಳ ಮೇಲೆ ನಾನು ಕೊಡದ ದೂರು

ಠಾಣೆಯ ಯಜಮಾನರಾದ ಇನ್‌ಸ್ಪೆಕ್ಟರ್ ಸಾಹೇಬರೇ,

ನನ್ನ ಮಗ ತಿಮ್ಮರಾಜು, ಮಗಳು ರಮ್ಯಶ್ರೀ ಇಬ್ಬರ ಮೇಲೂ ನೀವು ಹಾಕಿರುವ ಕೇಸಿನಲ್ಲಿ ದೂರು ಕೊಟ್ಟವಳು ನಾನೇ ಎಂದು ಬರೆದಿದೆ. ನಾನು ಕೊಟ್ಟಿಲ್ಲ. ನಿಮ್ಮ ಬಾಗಿಲಿಗೆ ಮೂರು ಸಲ ಬಂದರೂ ನಿಮಗೆ ಪುರುಸೊತ್ತಾಗಲಿಲ್ಲ. ಅದಕ್ಕೇ ನಾಲ್ಕು ಜನ ಓದಲಿ ಎಂದು ಪತ್ರಿಕೆಗೆ ಕಳಿಸುತ್ತಿದ್ದೇನೆ.

ನಮ್ಮೂರಿನ ಗೋಮಾಳವನ್ನು ಸೋಲಾರ್ ಕಂಪನಿಗೆ ಕೊಟ್ಟಾಗ, ಬೇಲಿ ಹಾಕಲು ಬಂದ ಜೆಸಿಬಿಯ ಮುಂದೆ ನನ್ನ ಮಕ್ಕಳಿಬ್ಬರೂ ಅಡ್ಡ ಕೂತರು. ನಾನು ಹೇಳಿ ಕಳಿಸಿದ್ದಲ್ಲ. "ಊರಿಗೆಲ್ಲ ಇಲ್ಲದ ಉಸಾಬರಿ ನಿಮ್ಗ್ಯಾಕ್ರಪ್ಪಾ?" ಎಂದು ಬೈದೇ ಇದ್ದೆ. ಅವರಪ್ಪ ಚಿಕ್ಕತಿಮ್ಮಯ್ಯ ತೀರಿಕೊಂಡು ಒಂಬತ್ತು ವರ್ಷವಾಯಿತು. ಪೊಲೀಸರು ಬಾಗಿಲಿಗೆ ಬಂದರೆ ನಮಗೆ ಯಾರು ಗತಿ ಎಂಬ ಹೆದರಿಕೆ ನನ್ನದು. ಅದಕ್ಕೆ ರಮ್ಯ, "ನಮ್ ಕುರಿ ಅಲ್ಲೇ ಅಲ್ವೇನಮ್ಮ ಮೇಯೋದು? ಸುಮ್ಕಿರು ಅಂದ್ರೆ ಹೆಂಗೆ?" ಎಂದಳು. ಅವರ ಬಳಿ ಬರೀ ಮಾತಿತ್ತು. ನಿಮ್ಮ ಬಳಿ ಜೀಪಿತ್ತು. ಇಬ್ಬರನ್ನೂ ಹತ್ತಿಸಿಕೊಂಡು ಹೋದಿರಿ.

ಆ ದಿನವೇ ನಮ್ಮ ಮನೆಯಲ್ಲಿ ರೇಷ್ಮೆಹುಳು ಹಣ್ಣಾಗಿದ್ದವು. ಹಣ್ಣಾದ ಹುಳುವನ್ನು ಅಂದಂದೇ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ತಟ್ಟಿಗೆ ಬಿಡಬೇಕು. ಅವು ಯಾವ ಅಧಿಕಾರಿಗೂ ಕಾಯುವುದಿಲ್ಲ. ಅರ್ಧ ಹುಳುವನ್ನು ತಟ್ಟೆಯಲ್ಲೇ ಬಿಟ್ಟು ಠಾಣೆಗೆ ಓಡಿಬಂದೆ. ಮಧ್ಯಾಹ್ನ ಮೂರರ ತನಕ ಬೆಂಚಿನ ಮೇಲೆ ಕೂರಿಸಿದಿರಿ. ಆಮೇಲೆ ತೆಲುಗಿನಲ್ಲಿ ಬರೆದ ಒಂದು ಕಾಗದ ಮುಂದಿಟ್ಟು, "ಸಂತಕಂ ಪೆಟ್ಟಮ್ಮಾ, ಪಿಲ್ಲಲ್ನಿ ಪಿಲ್ಚುಕೊನಿ ಪೋ" ಎಂದಿರಿ. ಸಹಿ ಹಾಕಿ ಮಕ್ಕಳನ್ನು ಕರೆದುಕೊಂಡು ಹೋಗು ಎಂದರೆ ಯಾವ ತಾಯಿ ಬೇಡ ಎಂದಾಳು? ತೆಲುಗು ನನಗೆ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ನಮ್ಮೂರು ಆಂಧ್ರಕ್ಕೆ ಸೇರಿದ್ದರೂ ನಾನು ಏಳನೇ ಕ್ಲಾಸಿನವರೆಗೆ ಓದಿದ್ದು ಕನ್ನಡ ಶಾಲೆಯಲ್ಲಿ. "ಏನು ಬರ್ದೈತೆ ಸಾ?" ಎಂದು ಕೇಳಿದೆ. "ಏಮೀ ಲೇದಮ್ಮಾ" ಎಂದಿರಿ. ಏನೂ ಇಲ್ಲವಂತೆ! ತೆಲುಗು ಓದಬಲ್ಲ ಮಗಳು ಒಳಗೇ ಇದ್ದಳು, ಅವಳನ್ನು ಕರೆಯಿರಿ ಎನ್ನಬಹುದಿತ್ತು. ನನಗೆ ಹುಳುವಿನದೇ ಚಿಂತೆ. ಅವಸರದಲ್ಲಿ ಕನ್ನಡದಲ್ಲಿ ಸಹಿ ಹಾಕಿಕೊಟ್ಟು ಮಕ್ಕಳನ್ನು ಕರೆದುಕೊಂಡು ಬಂದೆ. ಓದಿಸದೆ ಸಹಿ ಹಾಕಿದ ತಪ್ಪು ನನ್ನದು.

ಕಳೆದ ವಾರ ಕೋರ್ಟಿನಿಂದ ಸಮನ್ಸ್ ಬಂತು. ರಮ್ಯ ನಡುಮನೆಯಲ್ಲಿ ನಿಂತು ಗಟ್ಟಿಯಾಗಿ ಓದಿ ಹೇಳಿದಳು. ಮಕ್ಕಳು ನನ್ನನ್ನು ಹೊಡೆಯುತ್ತಾರಂತೆ, ಪುಂಡರನ್ನು ಮನೆಗೆ ಸೇರಿಸುತ್ತಾರಂತೆ, ಅವರಿಂದ ನನ್ನ ಜೀವಕ್ಕೇ ಭಯವಂತೆ. ಭೇಷ್ ಸಾಹೇಬರೇ! ಒಂಬತ್ತು ವರ್ಷ ನನ್ನ ಜೊತೆ ಹುಳುವಿಗೆ ಸೊಪ್ಪು ಕೊಯ್ದ ಮಕ್ಕಳ ಬಗ್ಗೆ ನನಗೇ ಗೊತ್ತಿಲ್ಲದ್ದು ನಿಮಗೆ ಹೇಗೆ ಗೊತ್ತಾಯಿತು? "ಅಮ್ಮ, ಇದ್ನ ನೀನೇ ಬರ್ಸಿದ್ಯಾ?" ಎಂದು ರಮ್ಯ ಕೇಳಿದಳು. ಇಲ್ಲ ಎಂದೆ. ನಂಬಿದಳು. ತಿಮ್ಮರಾಜು ಕೇಳಲೂ ಇಲ್ಲ. ಅಂದಿನಿಂದ ಅವನು ಮನೆಯಲ್ಲಿ ಉಣ್ಣುತ್ತಿಲ್ಲ. ಮುದ್ದೆ ಮುಂದಿಟ್ಟರೆ ಎದ್ದು ಹೋಗುತ್ತಾನೆ. ಬೈದರೂ ಸರಿ, ಬಾಯಿ ಬಿಡಲಿ ಎಂದು ಕಾಯುತ್ತಿದ್ದೇನೆ.

ನಾನು ಕೇಳುವುದು ಇಷ್ಟೇ. ಗೋಮಾಳದ ಬೇಲಿಗೆ ಅಡ್ಡ ಬಂದರೆಂದು ಕೇಸು ಹಾಕಲೇಬೇಕೆಂದರೆ ಸರ್ಕಾರದ ಹೆಸರಿನಲ್ಲಿ ಹಾಕಿ, ಕಂಪನಿಯ ಹೆಸರಿನಲ್ಲಿ ಹಾಕಿ. ನನ್ನ ಹೆಸರು ತೆಗೆಯಿರಿ. ಬರುವ ಸೋಮವಾರ ಕೋರ್ಟಿನಲ್ಲಿ ನನ್ನ ಮಕ್ಕಳನ್ನು ಒಂದು ಕಡೆ, ನನ್ನನ್ನು ಅವರ ಎದುರಿಗೆ ನಿಲ್ಲಿಸುತ್ತಾರಂತೆ. ಅಷ್ಟರೊಳಗೆ ನೀವು ತೆಗೆಯದಿದ್ದರೆ ನಾನು ಹೋಗಿ ಮಕ್ಕಳ ಪಕ್ಕದಲ್ಲೇ ನಿಲ್ಲುತ್ತೇನೆ. ತಿಮ್ಮರಾಜು ಜಾಗ ಬಿಡುತ್ತಾನೋ ಇಲ್ಲವೋ, ಗೊತ್ತಿಲ್ಲ.

ಇಂತಿ,
ನಿಮ್ಮ ಕಾಗದದಲ್ಲಿ ಫಿರ್ಯಾದಿ, ಊರಿನಲ್ಲಿ ಇನ್ನೂ ಆ ಇಬ್ಬರ ತಾಯಿ,
ಕೆಂಪಕ್ಕ
ಮಡಕಶಿರಾ ಸೀಮೆ